ಎರಡು ಬಡಿತವಿಲ್ಲದೆ ಹೊರಡದ ಬಸ್ಸು

ಇವತ್ತು ಬೆಳಿಗ್ಗೆ ನನ್ನ ಕಂಪ್ಯೂಟರ್ ಮತ್ತೊಮ್ಮೆ ವಿನಯದಿಂದ ಕೇಳಿತು: ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ? ನಾನು ‘ಆಮೇಲೆ’ ಎಂಬ ಗುಂಡಿ ಒತ್ತಿ ಚಹಾ ಕುಡಿಯಲು ಎದ್ದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಶಿರಸಿಯ ಐದು ರಸ್ತೆ ಸರ್ಕಲ್ಲಿನಿಂದ ವಾಪಸ್ಸು ಬಂದವನು ನಾನು. ಬಂದು, ಬಂದ್ ಆಗಿದ್ದನ್ನು ಮುಟ್ಟಿ ನೋಡಿ, ಮತ್ತೆ ಹೊರಟು, ಈ ಗಡಿಬಿಡಿಯಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಪುನಃ ತಿರುಗಿದವನೂ ನಾನೇ. ಅಂಥವನು ಅಪ್‌ಡೇಟನ್ನು ಮುಂದೂಡಿ ಸುಖವಾಗಿ ಚಹಾ ಕುಡಿಯುತ್ತಾನೆಂದರೆ ಅದರ ಹಿಂದೆ ಯಾರೋ ಇರಬೇಕು.

ಇದ್ದಾರೆ. ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು, ಯಲ್ಲಾಪುರದಲ್ಲಿ ಸ್ವಂತ ಮನೆ ಕಟ್ಟಿ ಮುಗಿದೊಡನೆ ಅಲ್ಲಿಗೆ ಹೊರಟುಹೋದ ನಿವೃತ್ತ ಬಸ್ ಡ್ರೈವರ್. ಬೀದಿಯವರಿಗೆಲ್ಲ ಅವರು ‘ಸಾಹೇಬರು’. ನನಗೂ ಅಷ್ಟೇ.

ಬಸ್ಸು ಅವರನ್ನು ಬಿಟ್ಟಿತ್ತು, ಅವರು ಬಸ್ಸನ್ನು ಬಿಟ್ಟಿರಲಿಲ್ಲ. ನಮ್ಮ ಮನೆಯ ಕುರ್ಚಿಯಲ್ಲಿ ಕೂರುವಾಗಲೂ ಮೊದಲು ಅದನ್ನು ಒಂದು ಗೇಣು ಮುಂದಕ್ಕೆಳೆದು, ಬೆನ್ನು ಸರಿಮಾಡಿಕೊಂಡು, ಬಲಕ್ಕೆ ಕನ್ನಡಿ ಇರಬೇಕಾದ ಜಾಗದಲ್ಲಿ ನಮ್ಮ ಫ್ರಿಜ್ಜನ್ನು ಒಮ್ಮೆ ನೋಡುತ್ತಿದ್ದರು. ಓಣಿಯ ತಿರುವಿನಲ್ಲಿ ನಡೆದು ಬರುವಾಗ ಗಂಟಲು ಕೆರೆದು ಹಾರನ್ ಕೊಡುತ್ತಿದ್ದರು. ನಮಸ್ಕಾರವೆಂದರೆ ಸ್ಟಿಯರಿಂಗಿನಿಂದ ಒಂದೇ ಬೆರಳು ಎತ್ತಿದ ಹಾಗೆ. ಒಮ್ಮೆ ನನ್ನ ಸ್ಕೂಟರಿನ ಹಿಂದೆ ಕೂತು ಮಾರ್ಕೆಟ್ಟಿಗೆ ಬಂದಿದ್ದರು. ದಾರಿಯುದ್ದಕ್ಕೂ ಅವರ ಬಲಗಾಲು ನನ್ನ ಹಿಮ್ಮಡಿಯನ್ನು ಬ್ರೇಕೆಂದು ತಿಳಿದು ತುಳಿಯುತ್ತಲೇ ಇತ್ತು.

ಇನ್ನು ಕಂಪ್ಯೂಟರಿನ ವಿಷಯ. ನಮ್ಮ ಮನೆಯ ಕಂಪ್ಯೂಟರನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ನಾನು ಗುಮಾಸ್ತನಾಗಿರುವ ಕಾಲೇಜಿನಲ್ಲಿ ಇದನ್ನು ತತ್ವಕ್ಕಾಗಿ ಹಾಕಿಕೊಂಡದ್ದೆಂದು ಹೇಳಿಕೊಂಡು ತಿರುಗುತ್ತೇನೆ. ಅಸಲು ಕಾರಣ ಹೆದರಿಕೆ. ಲಿನಕ್ಸಿಗೆ ವೈರಸ್ ಕಾಟ ಕಡಿಮೆ ಎಂದು ಎಲ್ಲೋ ಓದಿದೆ, ಅದೇ ವಾರ ಹಾಕಿಸಿದೆ. ನಮ್ಮಂಥ ನಾಲ್ಕು ಜನರ ಮನೆಯ ಕಂಪ್ಯೂಟರ್ ಕೆಡಿಸಲು ವೈರಸ್ ಮಾಡುವವರಿಗೇ ಉಮೇದಿಲ್ಲ ಎಂಬುದು ಆಮೇಲೆ ತಿಳಿಯಿತು. ಆಟ ಮಾಡುವ ಕಂಪನಿಗಳಿಗಂತೂ ನಾವು ಇದ್ದೇವೆಂಬ ಸುದ್ದಿಯೇ ತಲುಪಿದಂತಿರಲಿಲ್ಲ.

ಒಂದು ಸಂಜೆ ಸಾಹೇಬರು ಬಂದು, ಕುರ್ಚಿ ಎಳೆದು, ಫ್ರಿಜ್ಜನ್ನು ನೋಡಿ ಕೂತರು.

“ಸರ್, ಘಟ್ಟದಾಗ ಬಸ್ ಬಿಡೋ ಆಟ ಒಂದ್ ಬಂದದೆ. ನಮ್ಮ ಅಳಿಯ ಮೊಬೈಲಿನಾಗ ಅದರ ವಿಡಿಯೋ ತೋರ್ಸಿದ. ಸೇಮ್ ನಮ್ಮ ರಸ್ತೆ. ಕೆಂಪು ಮಣ್ಣು, ತಿರುವು, ಪಕ್ಕದಾಗ ಹೊಳಿ. ನಿಮ್ಮ ಕಂಪ್ಯೂಟರಿನಾಗ ಬರ್ತದೇನ್ರಿ?”

ಬರುವುದಿಲ್ಲ, ಅದು ವಿಂಡೋಸಿಗೆ ಮಾತ್ರ ಮಾಡಿದ್ದು, ಲಿನಕ್ಸಿಗೆ ಮಾಡಿಲ್ಲ ಎಂದೆ.

“ಅಂದ್ರ ರಸ್ತೆ ಬಂದ್ ಅದೆ.”

“ಹೌದು.”

“ಬಂದ್ ಆದ್ರ ಬೇರೆ ರಸ್ತೆ ಇರ್ತದಲ್ರಿ.”

ಇತ್ತು. ಅದು ಇದ್ದದ್ದೇ ನನ್ನ ಗ್ರಹಚಾರ. ವಿಂಡೋಸಿನ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂದರೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸಬೇಕು. ಹಾಗೆಂದರೆ ಒಂದು ಪ್ರೋಗ್ರಾಮು. ಆಟ ತನ್ನ ಭಾಷೆಯಲ್ಲಿ ಏನು ಕೇಳಿದರೂ ಅದು ಲಿನಕ್ಸಿಗೆ ತಿಳಿಯುವ ಹಾಗೆ ತಿರುಗಿಸಿ ಹೇಳುತ್ತದೆ. ಬಹುಪಾಲು ಮಾತು ಸರಿಯಾಗಿಯೇ ಮುಟ್ಟುತ್ತದೆ. ಮುಟ್ಟದೇ ಹೋಗುವ ಮಾತು ಯಾವುದೆಂದು ಮಾತ್ರ ಆಟ ಶುರುವಾಗುವ ತನಕ ಗೊತ್ತಾಗುವುದಿಲ್ಲ.

ಮೊದಲ ದಿನ ಪರದೆಯೆಲ್ಲ ಕಪ್ಪಗಿತ್ತು. ನಾನು ಬೆವೆತೆ. ಸಾಹೇಬರು ಕಪ್ಪನ್ನೇ ಶಾಂತವಾಗಿ ನೋಡುತ್ತ ಕೂತು, “ಹೆಡ್‌ಲೈಟ್ ಹೋದಂಗ ಅದೆ” ಎಂದರು. ಇನ್ನೊಂದು ದಿನ ರಸ್ತೆ ಬಂತು, ಬಸ್ಸು ಬಂತು, ಮರಗಳಿಗೆ ಕಾಂಡವಿರಲಿಲ್ಲ, ಸೊಪ್ಪೆಲ್ಲ ಗಾಳಿಯಲ್ಲಿ ನಿಂತಿತ್ತು. ಮತ್ತೊಂದು ದಿನ ಕಾಂಡವೂ ಬಂದು ಎಲ್ಲ ಸರಿಯಾಯಿತೆಂದು ನಾನು ಕುಣಿಯುವುದರೊಳಗೆ ನಿಲ್ದಾಣ ಹತ್ತಿರವಾಯಿತು. ಅಲ್ಲಿ ಪ್ರಯಾಣಿಕರಿರಲಿಲ್ಲ. ಅವರ ಕೈಚೀಲಗಳು ಮಾತ್ರ ನೆಲದಿಂದ ಮೊಳದೆತ್ತರದಲ್ಲಿ ತೂಗುತ್ತಿದ್ದವು. ಬಾಗಿಲು ತೆಗೆದೊಡನೆ ಚೀಲಗಳು ಸಾಲಾಗಿ ಬಸ್ಸು ಹತ್ತಿದವು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಸಾಹೇಬರಿಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ.

“ಚೀಲ ಅಷ್ಟೇ ಬಂದ್ರ ಏನಾತ್ರಿ? ನಮ್ಮ ಬಸ್ಸಿಗೆ ಅರ್ಧ ಚೀಲಾನೇ ಹತ್ತತಿದ್ವು.”

ಅದು ನಿಜ. ಅವರ ಬಸ್ಸು ಸಿದ್ದಾಪುರದಿಂದ ಹೊರಟು ಶಿರಸಿ, ಯಲ್ಲಾಪುರ ದಾಟಿ ಮಾಗೋಡಿಗೆ ಹೋಗಿ ಅಲ್ಲೇ ತಂಗುವ ಬಸ್ಸು. ಶಿರಸಿಯ ಔಷಧಿ ಅಂಗಡಿಯಲ್ಲಿ ಹತ್ತಿದ ಮಾತ್ರೆಯ ಪೊಟ್ಟಣ ಮಾಗೋಡಿನ ಹಾದಿಯ ಯಾವುದೋ ಮನೆಯ ಗೇಟಿನಲ್ಲಿ ಇಳಿಯುತ್ತಿತ್ತು. ಜೊತೆಗೆ ಯಾರೂ ಇರುತ್ತಿರಲಿಲ್ಲ. ಹಪ್ಪಳದ ಡಬ್ಬಿ, ಮಿಕ್ಸರಿನ ಜಾರು, ಮದುವೆ ಮನೆಯ ಹೂವು, ಮರೆತು ಬಿಟ್ಟ ಕನ್ನಡಕ ಎಲ್ಲವೂ ಒಂಟಿಯಾಗಿ ಪ್ರಯಾಣ ಮಾಡುತ್ತಿದ್ದವು.

ಇಲ್ಲೇ ಅವರು ಆ ಮಾತು ಮೊದಲ ಸಲ ಹೇಳಿದ್ದು. “ಇದು ಗಾಡಿ ಸ್ವಭಾವ ಸರ್, ರೋಗ ಅಲ್ಲ.” ಡಿಪೋದಲ್ಲಿ ಒಂದೊಂದು ಗಾಡಿಗೂ ಒಂದೊಂದು ಸ್ವಭಾವವಂತೆ. ಒಂದು ಎಡಕ್ಕೆ ಎಳೆಯುತ್ತದೆ, ಇನ್ನೊಂದಕ್ಕೆ ಎರಡನೇ ಗೇರು ಕೂರಬೇಕಾದರೆ ಒಳ್ಳೆಯ ಮಾತಾಡಬೇಕು. ರೋಗವಾದರೆ ರಿಪೇರಿಗೆ ಬರೆಯಬೇಕು, ಸ್ವಭಾವವಾದರೆ ಹೊಂದಿಕೊಂಡು ಓಡಿಸಬೇಕು. ಎರಡನ್ನೂ ಕಲಸಿಕೊಂಡ ಡ್ರೈವರಿಗೆ ನಿದ್ರೆ ಬರುವುದಿಲ್ಲ. ನನಗೆ ವರ್ಷಗಟ್ಟಲೆ ನಿದ್ರೆ ಯಾಕೆ ಬಂದಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಅಳಿಯ ಯಲ್ಲಾಪುರದಿಂದ ಆಟದ ಸ್ಟಿಯರಿಂಗ್ ಚಕ್ರವೊಂದನ್ನು ತಂದುಕೊಟ್ಟ. ಅದಕ್ಕೂ ಲಿನಕ್ಸಿಗೂ ಪರಿಚಯವಿರಲಿಲ್ಲ. ಬ್ರೇಕು ಒತ್ತಿದರೆ ವೈಪರ್ ತಿರುಗುತ್ತಿತ್ತು, ಹಾರನ್ ಒತ್ತಿದರೆ ಒಳಗಿನ ದೀಪ ಹತ್ತುತ್ತಿತ್ತು. ನಾನು ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕುತ್ತಿದ್ದರೆ ಸಾಹೇಬರು ಅಷ್ಟರಲ್ಲಿ ದೀಪ ಹಾಕುವ ಗುಂಡಿಯಿಂದ ಬ್ರೇಕು ಹಿಡಿಯುವುದನ್ನು ಕಲಿತು, “ಬಿಡ್ರಿ, ಕೈಗೆ ಕೂತ್ತು” ಎಂದುಬಿಟ್ಟರು. ನಡುರಸ್ತೆಯಲ್ಲಿ ತೂಗುವ ಚೀಲ ಕಂಡಲ್ಲೆಲ್ಲ ನಿಲ್ಲಿಸುತ್ತಿದ್ದರು. ಅದು ನಿಲ್ದಾಣವಲ್ಲವೆಂದು ಆಟ ಕೆಂಪಕ್ಷರದಲ್ಲಿ ಬೈದು ಅಂಕ ಕಳೆಯುತ್ತಿತ್ತು. ಅವರ ಅಂಕ ಸೊನ್ನೆಯ ಕೆಳಗೆ ಎಷ್ಟು ಆಳಕ್ಕೆ ಹೋಗಿತ್ತೆಂದರೆ ಪರದೆಯ ಮೂಲೆಯಲ್ಲಿ ಹಿಡಿಸುತ್ತಿರಲಿಲ್ಲ. “ಕೈ ಮಾಡಿದವರನ್ನ ಬಿಟ್ಟು ಹೋದ್ರ ಅಂಕ ಕೊಡೋ ಆಟ ಎಂಥಾ ಆಟ ಸರ್” ಎನ್ನುತ್ತಿದ್ದರು. ಚೀಲಗಳಿಗೆ ಕೈಯೂ ಇರಲಿಲ್ಲವೆಂದು ನಾನು ನೆನಪಿಸಲಿಲ್ಲ.

ಇಷ್ಟೆಲ್ಲ ಹೊಂದಿಕೊಂಡವರು ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಚೀಲಗಳೆಲ್ಲ ಹತ್ತಿದ ಮೇಲೆ ಬಸ್ಸು ಹೊರಡಬೇಕಷ್ಟೆ. ಸಾಹೇಬರು ಹೊರಡುತ್ತಿರಲಿಲ್ಲ. ಚಕ್ರ ಹಿಡಿದು ನೆಟ್ಟಗೆ ಕೂತಿರುತ್ತಿದ್ದರು. ತಡವಾಯಿತೆಂದು ಆಟ ಬೊಬ್ಬೆ ಹೊಡೆದರೂ ಅಲುಗುತ್ತಿರಲಿಲ್ಲ.

“ಎಂತ ಆತು ಸಾಹೇಬ್ರೇ?” ನನ್ನ ಹೆಂಡತಿ ಕೇಳಿದಳು.

“ರೈಟ್ ಹೇಳ್ಬೇಕಲ್ರಿ ಯಾರಾದ್ರೂ.”

ಆಟದಲ್ಲಿ ಕಂಡಕ್ಟರ್ ಇರಲಿಲ್ಲ. ಹಾಗಾಗಿ ಆ ಕೆಲಸ ನನಗೆ ಬಂತು. ಅವರ ಹಳೆಯ ಬಸ್ಸಿನ ಬೆಲ್ಲಿನ ಹಗ್ಗ ಎಂದೋ ಹರಿದುಹೋಗಿ, ಕಂಡಕ್ಟರ್ ಬಸ್ಸಿನ ಮೈಗೆ ಕೈಯಿಂದ ಬಡಿಯುವುದೇ ರೂಢಿಯಾಗಿತ್ತಂತೆ. ಒಂದು ಬಡಿತಕ್ಕೆ ನಿಲ್ಲಬೇಕು, ಎರಡು ಬಡಿತಕ್ಕೆ ಹೊರಡಬೇಕು. ನಾನು ಅವರ ಹಿಂದೆ ನಿಂತು ಮೇಜಿಗೆ ಎರಡು ಸಲ ಬಡಿಯತೊಡಗಿದೆ. ಬಡಿಯುವ ಮುಂಚೆ ಬಾಗಿಲು ಮುಚ್ಚಿದೆಯೇ, ಚೀಲಗಳೆಲ್ಲ ಹತ್ತಿದವೇ ಎಂದು ನಾಲ್ಕು ಸಲ ನೋಡುತ್ತಿದ್ದೆ. ಹೆಂಡತಿ ಒಳಗಿನಿಂದ, “ನಿಂಗ ಎಂತಕ್ಕೆ ಬೆವರ್ತ್ರಿ? ಬಸ್ಸು ಬಿಡ್ತಾ ಇಪ್ಪವ್ರು ಅವ್ರು ಅಲ್ದ?” ಎನ್ನುತ್ತಿದ್ದಳು.

ಈ ಎರಡು ಬಡಿತದ ಹಟದ ಹಿಂದಿನ ಕತೆ ಸಾಹೇಬರು ಹೇಳಲಿಲ್ಲ. ಅವರ ಹೆಂಡತಿ ಹೇಳಿದರು. ಹೇಳುವ ಮುಂಚೆಯೇ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಆ ಬಸ್ಸಿನ ಕಂಡಕ್ಟರ್ ಸಿದ್ದಾಪುರ ಕಡೆಯ ಒಬ್ಬ ಭಟ್ಟರು. ಇಬ್ಬರೂ ವರ್ಷಾನುಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದವರು, ಮಾಗೋಡಿನಲ್ಲಿ ತಂಗಿದಾಗ ಒಂದೇ ಗಂಜಿ ಪಾತ್ರೆಯಿಂದ ಬಡಿಸಿಕೊಂಡವರು. ಒಂದು ದಿನ ಮಾಗೋಡಿನ ಹಾದಿಯಲ್ಲಿ ಬಸ್ಸು ನಿಲ್ಲಿಸಿ, ಭಟ್ಟರು ಮಾತ್ರೆಯ ಪೊಟ್ಟಣ ಹಿಡಿದು ಒಂದು ಮನೆಯ ಗೇಟಿಗೆ ಹೋದರು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ದೊಡ್ಡ ಹಲಸಿನಕಾಯಿ ಇಟ್ಟುಕೊಂಡು ಕೂತಿದ್ದಳು. ಬಲಿತಿದೆಯೋ ಇಲ್ಲವೋ ಎಂದು ಪಕ್ಕದವಳು ಕೇಳಿರಬೇಕು. ಅಜ್ಜಿ ಅಂಗೈ ಬೀಸಿ ಕಾಯಿಗೆ ಬಡಿದಳು. ಧಬ್, ಧಬ್. ಸಾಹೇಬರು ಗೇರು ಹಾಕಿದರು, ಹೊರಟೇಬಿಟ್ಟರು.

“ಜನ ಕೂಗಲಿಲ್ವಾ?” ನಾನು ಕೇಳಿದೆ.

“ಕೂಗಿದ್ರು. ಇವರು ಅದನ್ನ ಯಾವಾಗ್ಲೂ ಇರೋ ಗದ್ಲ ಅಂತ ತಿಳ್ಕೊಂಡ್ರು.”

ಮಾಗೋಡು ಮುಟ್ಟಿ ತಿರುಗಿ ನೋಡಿದರೆ ಕಂಡಕ್ಟರ್ ಇಲ್ಲ. ಸ್ವಲ್ಪ ಹೊತ್ತಿಗೆ ಗೊಬ್ಬರದ ಟೆಂಪೋ ಬಂತು. ಮೂಟೆಗಳ ಮೇಲೆ, ಕೊರಳಲ್ಲಿ ಟಿಕೆಟ್ ಮಷೀನು, ಕಂಕುಳಲ್ಲಿ ಚರ್ಮದ ಚೀಲ, ಮೈತುಂಬ ಗೊಬ್ಬರದ ಪುಡಿಯೊಂದಿಗೆ ಭಟ್ಟರು ಕೂತಿದ್ದರು. ಇಡೀ ಬಸ್ಸು ನಕ್ಕಿತು. ಸಾಹೇಬರೂ ನಕ್ಕರು. ಬಿಟ್ಟು ಹೋದದ್ದನ್ನು ಭಟ್ಟರು ಕ್ಷಮಿಸುತ್ತಿದ್ದರೋ ಏನೋ, ನಕ್ಕದ್ದನ್ನು ಕ್ಷಮಿಸಲಿಲ್ಲ. ಅಂದಿನಿಂದ ನಿವೃತ್ತಿಯ ತನಕ ಅದೇ ಬಸ್ಸು, ಅದೇ ರಸ್ತೆ, ಅದೇ ಗಂಜಿ, ಒಂದು ಮಾತಿಲ್ಲ. ಎಲ್ಲ ವ್ಯವಹಾರ ಬಡಿತದಲ್ಲೇ. ಒಂದಕ್ಕೆ ನಿಲ್ಲುವುದು, ಎರಡಕ್ಕೆ ಹೊರಡುವುದು.

“ಸಿಟ್ಟು ಬಂದ ದಿನ ಎರಡನೇದು ಜೋರಾಗಿ ಬೀಳ್ತಿತ್ತಂತೆ” ಎಂದರು ಸಾಹೇಬರ ಹೆಂಡತಿ. “ಈಗ ಆ ಬಡಿತಾನೂ ಇಲ್ಲ. ಹೊಸ ಮನಿಗೆ ಹೋಗೋದ್ರೊಳಗ ಆ ಭಟ್ರು ಒಮ್ಮೆ ನನ್ನ ಗಾಡಿ ಹತ್ತಿ ರೈಟ್ ಅಂದ್ರ ಸಾಕು ಅಂತಾರೆ ಇವರು. ಗಾಡಿ ಎಲ್ಲದೆ? ನಿಮ್ಮ ಮನಿ ಮೇಜಿನ ಮ್ಯಾಲೆ.”

ಸಾಹೇಬರಿಗೆ ಈ ಆಟ ಯಾಕೆ ಬೇಕಾಗಿತ್ತೆಂದು ಆಗ ನನಗೆ ಅರ್ಥವಾಯಿತು. ಅರ್ಥವಾದೊಡನೆ ಚಿಂತೆಯೂ ಹತ್ತಿಕೊಂಡಿತು. ಇದುವರೆಗೆ ನನ್ನ ದುಭಾಷಿ ಬರೀ ಒಂದು ಆಟವನ್ನು ಹೊತ್ತಿದ್ದ. ಈಗ ಇಬ್ಬರು ಮನುಷ್ಯರು ಅವನ ಹೆಗಲೇರಿದ್ದರು.

ಉಪಾಯ ನನ್ನ ಹೆಂಡತಿಯದು. ಆ ಭಟ್ಟರು ಅವಳ ತಾಯಿಯ ಕಡೆಯಿಂದ ದೂರದ ನೆಂಟರು, ಆಗಾಗ ಶಿರಸಿಗೆ ಕಣ್ಣು ತೋರಿಸಲು ಬರುತ್ತಿದ್ದರು. ಮುಂದಿನ ಸಲ ನಮ್ಮಲ್ಲಿ ಊಟಕ್ಕೇ ಬರಬೇಕೆಂದು ಫೋನು ಮಾಡಿದಳು. ಯಾರು ಇರುತ್ತಾರೆಂದು ಹೇಳಲಿಲ್ಲ. ಸಾಹೇಬರು ವಾರವಿಡೀ ತಾಲೀಮು ಮಾಡಿದರು. ಬಸ್ಸು ಎಷ್ಟು ನಯವಾಗಿ ತಿರುಗುತ್ತಿತ್ತೆಂದರೆ ತೂಗುವ ಚೀಲಗಳೂ ಅಲುಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಭಟ್ಟರು ಸಿದ್ದಾಪುರ ಬಿಟ್ಟಾಗಿದೆ ಎಂದು ಸುದ್ದಿ ಬಂತು. ಎಲ್ಲ ಸರಿಯಿತ್ತು. ಎಲ್ಲ ಸರಿಯಿರುವುದೆಂದರೆ ನನಗೆ ಆಗದು. ಅವರ ಎದುರಿಗೇ ಏನಾದರೂ ಕೈಕೊಟ್ಟರೆ? ಇರುವ ಸಣ್ಣಪುಟ್ಟ ದೋಷವೂ ಹೋಗಲೆಂದು, ಮುನ್ನೆಚ್ಚರಿಕೆಗಾಗಿ, ನಾನು ಅಪ್‌ಡೇಟ್ ಹಾಕಿದೆ.

ಆಟ ತೆರೆದರೆ ಶಬ್ದವೇ ಇಲ್ಲ. ಎಂಜಿನ್ನಿಲ್ಲ, ಹಾರನ್ನಿಲ್ಲ. ಬಾಗಿಲು ಮುಂದಿನದು ಒತ್ತಿದರೆ ಹಿಂದಿನದು ತೆಗೆಯುತ್ತಿತ್ತು, ಮನಸ್ಸಿದ್ದರೆ. ಆಕಾಶ ಹಸಿರಾಗಿತ್ತು. ನಾನು ಅಪ್‌ಡೇಟನ್ನು ಹಿಂದಕ್ಕೆ ಕಳಿಸಲು ನೋಡಿದೆ, ಅದು ಹೋಗಲೊಪ್ಪಲಿಲ್ಲ. ಓಡಿಹೋಗಿ ಸಾಹೇಬರಿಗೆ ಹೇಳಿದೆ. ಅವರು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಗುಂಡಿ ಹಾಕುತ್ತಿದ್ದರು. ಬೈಯುತ್ತಾರೆಂದುಕೊಂಡೆ.

“ಓಡ್ತದೋ ಇಲ್ಲೋ ಅಷ್ಟು ಹೇಳ್ರಿ.”

“ಓಡ್ತದೆ. ಆದರೆ ಆಕಾಶ…”

“ಆಕಾಶದ ಮ್ಯಾಲೆ ಯಾರು ಓಡಸ್ತಾರ್ರೀ?”

ಭಟ್ಟರು ಬಂದರು. ತೆಳ್ಳಗೆ, ಎತ್ತರಕ್ಕೆ, ಹೆಗಲ ಮೇಲೊಂದು ಹಲಸಿನಕಾಯಿ. ಊಟಕ್ಕೆ ಕರೆದವರ ಮನೆಗೆ ಬರಿಗೈಯಲ್ಲಿ ಬರುವ ಪೈಕಿ ಅಲ್ಲ. ಕಾಯಿಯನ್ನು ಜಗಲಿಯಲ್ಲಿ ಇಳಿಸಿ ತಲೆಯೆತ್ತಿದರೆ ಎದುರಿಗೆ ಖಾಕಿ ಅಂಗಿ.

ಭಟ್ಟರು ನನ್ನ ಹೆಂಡತಿಯ ಕಡೆ ತಿರುಗಿದರು. “ತಂಗಿ, ಆ ಡ್ರೈವರ್‌ಗೆ ಹೇಳು, ಆನು ಊಟಕ್ಕೆ ಬಂದವ, ಬಸ್ಸಿಗಲ್ಲ ಹೇಳಿ.”

“ಬಡಿಸೂಲೆ ಹೊತ್ತಿದ್ದು. ಅಲ್ಲೀವರೆಗೆ ಇಲ್ಲಿ ಕೂತ್ಕಳಿ” ಎಂದು ಅವಳು ಸಾಹೇಬರ ಹಿಂದಿನ ಕುರ್ಚಿ ತೋರಿಸಿದಳು. ಬೇರೆ ಕುರ್ಚಿಗಳನ್ನೆಲ್ಲ ಅವಳು ಮೊದಲೇ ಒಳಗೆ ಇಟ್ಟಿದ್ದಳು.

ಭಟ್ಟರು ಕೂತರು. ಹಲಸಿನಕಾಯಿಯನ್ನು ನಂಬಿ ಜಗಲಿಯಲ್ಲಿ ಬಿಡುವ ಮನಸ್ಸಾಗದೆ ಎಳೆದು ಕಾಲಬುಡದಲ್ಲಿ ಇಟ್ಟುಕೊಂಡರು. ಸಾಹೇಬರು ಕುರ್ಚಿ ಮುಂದಕ್ಕೆಳೆದು, ಫ್ರಿಜ್ಜನ್ನು ನೋಡಿ, ಆಟ ಶುರುಮಾಡಿದರು. ಹಸಿರು ಆಕಾಶದ ಕೆಳಗೆ ಸದ್ದಿಲ್ಲದ ಬಸ್ಸು ನಿಲ್ದಾಣದಲ್ಲಿ ನಿಂತಿತು. ಬಾಗಿಲು ತೆಗೆಯಿತು. ಚೀಲಗಳು ಹತ್ತಿದವು. ಬಾಗಿಲು ಹಾಕಿಕೊಂಡಿತು.

ಸಾಹೇಬರು ಕಾದರು. ಅಭ್ಯಾಸಬಲದಿಂದ ನನ್ನ ಕೈ ಮೇಜಿನ ಕಡೆ ಹೋಯಿತು. ಹೆಂಡತಿ ನನ್ನ ಮಣಿಕಟ್ಟು ಹಿಡಿದು ಅಲ್ಲೇ ನಿಲ್ಲಿಸಿದಳು. ತಡವಾಯಿತೆಂದು ಕೆಂಪಕ್ಷರ ಬಂತು, ಹೋಯಿತು, ಮತ್ತೆ ಬಂತು. ಎಂಜಿನ್ ಸದ್ದಾದರೂ ಇದ್ದಿದ್ದರೆ ಎಂದು ನಾನು ಮನಸ್ಸಿನಲ್ಲೇ ನನ್ನನ್ನು ಬೈದುಕೊಂಡೆ. ಆ ಮೌನದಲ್ಲಿ ಭಟ್ಟರ ಉಸಿರು ಕೇಳುತ್ತಿತ್ತು. ಅವರು ಕಿಟಕಿಯ ಆಚೆ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಕೊನೆಗೆ ಬೇಡವೆಂದರೂ ಪರದೆಯನ್ನು ನೋಡಿದರು. ನೋಡಿದವರು ಮುಂದಕ್ಕೆ ಬಾಗಿದರು. ಆಟದ ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಒಂದು ಚೀಲ ಇನ್ನೂ ಕೆಳಗೇ ತೂಗುತ್ತಿತ್ತು. ಬಾಗಿಲು ಅದರ ಮೂತಿಗೇ ಮುಚ್ಚಿತ್ತು.

ಭಟ್ಟರು ಬಾಯಿ ಬಿಗಿಹಿಡಿದರು. ಕುರ್ಚಿಯಲ್ಲಿ ಸರಿದರು. ಚೀಲ ತೂಗಿತು.

“ಹಿಂದಿನ ಬಾಗ್ಲು ತೆಗೀರಿ ಸಾಹೇಬ್ರೇ” ಎಂದರು ಕೊನೆಗೆ. “ಆ ಚೀಲ ಕೆಳಗೇ ಉಳೀತು. ಯಾರದ್ದೋ ಏನೋ, ಮಾತ್ರೆ ಇದ್ರೆ?”

ಸಾಹೇಬರು ತಿರುಗದೆ ಗುಂಡಿ ಒತ್ತಿದರು. ಬಾಗಿಲಿಗೆ ಮನಸ್ಸು ಬಂತು. ಚೀಲ ಹತ್ತಿತು.

“ಹತ್ತಿತು” ಎಂದರು ಭಟ್ಟರು.

ಸಾಹೇಬರು ಆಗಲೂ ಹೊರಡಲಿಲ್ಲ.

ಭಟ್ಟರು ಆ ಖಾಕಿ ಬೆನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಕಾಲಬುಡದ ಕಾಯಿಯನ್ನು ನೋಡಿದರು. ಅವರ ಮುಖದಲ್ಲಿ ಏನೋ ತುಂಟತನ ಹರಿದಾಡಿದ್ದನ್ನು ನಾನು ಕಂಡೆ. ಬಾಗಿ, ಅಂಗೈ ಬೀಸಿ, ಹಲಸಿನಕಾಯಿಗೆ ಬಡಿದರು. ಧಬ್, ಧಬ್.

“ನಿಮ್ಗೆ ಇದ್ರ ಮಾತೇ ಅಲ್ವಾ ಬೇಗ ಅರ್ಥ ಆಗೂದು?”

ಸಾಹೇಬರ ಕೈ ಗೇರಿನ ಗುಂಡಿಯ ಮೇಲೇ ಇತ್ತು. ಅವರು ಅದನ್ನು ಒತ್ತಲಿಲ್ಲ. ಚಕ್ರ ಬಿಟ್ಟು, ಕುರ್ಚಿಯಲ್ಲಿ ಇಡೀ ಮೈ ತಿರುಗಿಸಿ, ಹಿಂದೆ ನೋಡಿದರು. ಅಷ್ಟು ವರ್ಷಗಳ ಹಿಂದೆ ಮಾಗೋಡಿನ ಹಾದಿಯಲ್ಲಿ ನೋಡಬೇಕಾಗಿದ್ದ ಹಾಗೆ.

“ನೀವು ಒಳಗ ಅದೀರೇನ್ರಿ?”

ಭಟ್ಟರು ಹೆಗಲ ಮೇಲಿನ ಟವೆಲ್ಲನ್ನು ಚರ್ಮದ ಚೀಲದ ಹಾಗೆ ಕಂಕುಳಿಗೆ ಒತ್ತಿಕೊಂಡರು.

“ಒಳಗೇ ಇದ್ದೆ. ರೈಟ್.”

ಬಸ್ಸು ಹೊರಟಿತು. ಹಾರನ್ ಇಲ್ಲದ್ದಕ್ಕೆ ತಿರುವಿನಲ್ಲಿ ಸಾಹೇಬರು ಗಂಟಲು ಕೆರೆದರು. ಭಟ್ಟರು ಎದುರಿಗೆ ಲಾರಿ ಬರುತ್ತಿದೆಯೆಂದು ಎಚ್ಚರಿಸಿದರು, ಸಾಹೇಬರು ತಮಗೂ ಕಣ್ಣಿದೆಯೆಂದರು. ಭಟ್ಟರು ಕಣ್ಣು ಇದ್ದದ್ದು ಆವತ್ತು ಎಲ್ಲಿ ಹೋಗಿತ್ತೆಂದು ಕೇಳಿದರು. ಸಾಹೇಬರು ಗೊಬ್ಬರದ ವಾಸನೆ ಹೋಯಿತೋ ಇನ್ನೂ ಇದೆಯೋ ಎಂದು ಕೇಳಿದರು. ನನ್ನ ಹೆಂಡತಿ ಅಡಿಗೆ ಮನೆಯ ಬಾಗಿಲಿನಲ್ಲಿ ಸೌಟು ಹಿಡಿದು ಅಲುಗಾಡುತ್ತ ನಗುತ್ತಿದ್ದಳು. ಪಕ್ಕದ ಮನೆಯ ಕಿಟಕಿಯಲ್ಲಿ ಸಾಹೇಬರ ಹೆಂಡತಿಯ ಸೆರಗು ಬಾಯಿಗೆ ಹೋಗಿತ್ತು.

ಮುಂದಿನ ತಿರುವಿನಲ್ಲಿ ಆಟ ಸಿಕ್ಕಿಹಾಕಿಕೊಂಡಿತು. ಬಸ್ಸು ಹೊಳೆಯ ಕಡೆ ವಾಲಿ ಹಾಗೇ ನಿಂತಿತು. ಚೀಲಗಳೂ ನಿಂತವು. ನಾನು ಗಾಬರಿಯಾಗಿ, ಆಟವನ್ನು ಮೊದಲಿನಿಂದ ಶುರುಮಾಡಲು ಕೀಲಿಮಣೆಗೆ ಕೈಹಾಕಿದೆ.

“ಎಂತ ಮಾಡ್ತೆ ಮಾರಾಯ?” ಭಟ್ಟರು ನನ್ನ ಕೈ ತಡೆದರು. “ನಿಂತ್ಕಂಡ್ರೆ ನಿಂತ್ಕಂಡಿರ್ಲಿ. ಇಳಿಯೂ ಅರ್ಜೆಂಟ್ ಯಾರಿಗಿದ್ದು?”

“ಗಾಡಿ ಸ್ವಭಾವ” ಎಂದು ಸಾಹೇಬರು ಅವರಿಗೆ ವಿವರಿಸಿದರು.

“ಗೊತ್ತುಂಟು” ಎಂದರು ಭಟ್ಟರು.

ಕೆಟ್ಟು ನಿಂತ ಬಸ್ಸಿನಲ್ಲಿ ಮಾಡುವ ಹಾಗೆ ಇಬ್ಬರೂ ಕಾಲು ಚಾಚಿ, ಹೊಳೆಯ ಕಡೆ ಮುಖಮಾಡಿ ಹರಟುತ್ತ ಕೂತರು. ಊಟಕ್ಕೆ ಎಬ್ಬಿಸಲು ಹೆಂಡತಿ ಬಾಗಿಲ ಚೌಕಟ್ಟಿಗೆ ಒಂದೇ ಒಂದು ಸಲ ಬಡಿದಳು. ಮಾತು ಇಬ್ಬರದ್ದೂ ಒಟ್ಟಿಗೇ ನಿಂತಿತು.